ಗಾಳಿ-ಸಿಡಿಲಿಗೆ ಆಸರೆ ಎಲ್ಲಿ?



ಪಶ್ಚಿಮ ಬಂಗಾಳದ ಜಲ್ಪೈಗುರಿಯಲ್ಲಿ 2024ರ ಮಾರ್ಚ್ 31ರಂದು ಬೀಸಿದಂಥ ಸುಂಟರಗಾಳಿ ನಮ್ಮ ಶಿವಮೊಗ್ಗ, ಭದ್ರಾವತಿಗಳಲ್ಲಿ ಅಪರೂಪ. ಆದರೆ ಏಪ್ರಿಲ್-ಮೇ ತಿಂಗಳ ಸಂಜೆ ಮಳೆಯೊಡನೆ ಬರುವ ಬಿರುಗಾಳಿ, ಸಿಡಿಲು ನಮಗೆ ಹೊಸದಲ್ಲ.

ಆಗ ತೋಟದಲ್ಲಿ ಹತ್ತಿರ ಕಾಣುವ ಆಸರೆಯೇ ಅಪಾಯದ್ದು. ಅಡಿಕೆ ಮರ ಗಾಳಿಗೆ ಮುರಿದು ಬೀಳುತ್ತದೆ. ಮರಕ್ಕೆ ಬಡಿದ ಸಿಡಿಲು ಬುಡದಲ್ಲಿ ನಿಂತವರಿಗೂ ಹಾಯುತ್ತದೆ. ಗೋಡೆಯಿಲ್ಲದ ತಗಡಿನ ಶೆಡ್ಡು ಎರಡನ್ನೂ ತಡೆಯದು. ತಾರಸಿ ಮನೆಯ ಒಳಕೋಣೆ ಸೇರಿ, ಕಿಟಕಿ, ನಲ್ಲಿ, ವಿದ್ಯುತ್ ತಂತಿಗಳಿಂದ ದೂರವಿರಬೇಕು. ಮಂಡಿಗೆ ಅಡಿಕೆ ತಂದವರು ರಸ್ತೆಬದಿಯ ಮರ, ಜಾಹೀರಾತು ಫಲಕಗಳ ಕೆಳಗೆ ನಿಲ್ಲದೆ ಪಕ್ಕಾ ಕಟ್ಟಡ ಸೇರುವುದು ಒಳ್ಳೆಯದು.

ಮಿಂಚು ಕಂಡೊಡನೆ ಸೆಕೆಂಡು ಎಣಿಸಿ. 3 ಸೆಕೆಂಡಿಗೆ ಸುಮಾರು 1 ಕಿ.ಮೀ. ಲೆಕ್ಕ. 30 ಆಗುವ ಮೊದಲೇ ಗುಡುಗಿದರೆ ಸಿಡಿಲು 10 ಕಿ.ಮೀ. ಒಳಗಿದೆ ಎಂದರ್ಥ. ಔಷಧಿ ಹೊಡೆಯಲು ಮರ ಹತ್ತಿದವರನ್ನು ಅದಕ್ಕೂ ಮೊದಲೇ ಇಳಿಸಿ, ದೋಟಿ ಕೆಳಗಿಡಿಸಿ. ಕಾರ್ಬನ್ ದೋಟಿಯಲ್ಲೂ ವಿದ್ಯುತ್ ಹರಿಯುತ್ತದೆ. ಕೊನೆಯ ಗುಡುಗಿನ ನಂತರ 30 ನಿಮಿಷ ತೋಟಕ್ಕೆ ಇಳಿಯಕೂಡದು.

ಸಿಡಿಲು ಬಡಿದವರನ್ನು ಮುಟ್ಟಲು ಅಂಜಬೇಕಿಲ್ಲ. ಅವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಕೂಡಲೇ 108ಕ್ಕೆ ತಿಳಿಸಿ.

ಆಸರೆಯ ಜಾಗವನ್ನು ಮಳೆಗಾಳಿ ಬರುವ ಮುನ್ನವೇ ಗೊತ್ತುಮಾಡಿ, ಕೆಲಸದವರಿಗೂ ತೋರಿಸಿಡಬೇಕೆಂದು ಕೋರುತ್ತೇವೆ.