ಕಣ ಖಾಲಿಯಾದ ಮೇಲೆ ಕಾರಿಗೆ ಬಣ್ಣ

ಹಳೆಯ ಕಾರನ್ನೋ ಜೀಪನ್ನೋ ಮನೆಯ ಶೆಡ್ಡಿನಲ್ಲೇ ಬಿಚ್ಚಿ, ತುಕ್ಕು ತೆಗೆದು, ಟಿಂಕರಿಂಗ್ ಮಾಡಿಸಿ ಮೊದಲಿನ ರೂಪಕ್ಕೆ ತರುವ ಕೆಲಸದಲ್ಲಿ ಬಣ್ಣ ಬರುವುದು ಕೊನೆಯಲ್ಲಿ. ಹೆಚ್ಚು ಕೆಡುವುದೂ ಅದೇ. ಎಂಜಿನ್ನಿನ ಕುಂದು ಬಾನೆಟ್ಟಿನ ಕೆಳಗೆ ಅಡಗಿರುತ್ತದೆ. ಬಣ್ಣದ ಕುಂದು ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣುತ್ತದೆ. ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ ಮಗ್ಗೆ ಮತ್ತು ಅಲ್ಲಿಂದ ಸಕಲೇಶಪುರದ ಕಡೆಗೆ ಹಬ್ಬಿರುವ ಕಾಫಿ ಸೀಮೆಯಲ್ಲಿ ಈ ಕೆಲಸಕ್ಕೆ ಮುಖ್ಯ ತೊಡಕು ಹಣವೂ ಅಲ್ಲ, ಕೈಚಳಕವೂ ಅಲ್ಲ, ಹವೆ. ಬಯಲುಸೀಮೆಯಲ್ಲಿ ವರ್ಷದ ಬಹುಪಾಲು ದಿನ ಮಾಡಬಹುದಾದದ್ದನ್ನು ಇಲ್ಲಿ ಕೆಲವೇ ವಾರಗಳಲ್ಲಿ ಮುಗಿಸಬೇಕು.

ಈ ಸೀಮೆಯ ತೋಟದ ಮನೆಗಳಲ್ಲಿ ಉಳಿದಿರುವ ಹಳೆಯ ವಾಹನಗಳಲ್ಲಿ ಜೀಪಿಗೆ ಮೊದಲ ಸ್ಥಾನ. ಮಹೀಂದ್ರ ಕಂಪನಿ ಮುಂಬೈಯಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಗೆ ಕೈಹಾಕಿದ್ದು 1949ರಲ್ಲಿ. ಆ ವಂಶದ ಎತ್ತರದ ಬಾನೆಟ್ಟಿನ ಸಿಜೆ-3ಬಿ, ಮುಂದೆ ಬಂದ ಡೀಸೆಲ್ ಜೀಪುಗಳು ಗೊಬ್ಬರ, ಕಾಫಿ ಮೂಟೆ, ಆಳುಗಳನ್ನೆಲ್ಲ ಹೊತ್ತು ತೋಟದ ಕಚ್ಚಾ ದಾರಿಗಳಲ್ಲಿ ಓಡಿದವು. ಅವುಗಳ ಜೊತೆಗೆ ಅಂಬಾಸಿಡರ್ ಮತ್ತು ಫಿಯೆಟ್. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಆಧರಿಸಿದ ಅಂಬಾಸಿಡರ್, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1957ರಿಂದ 2014ರ ತನಕ ತಯಾರಾಯಿತು. ಮುಂಬೈನ ಕುರ್ಲಾದಲ್ಲಿ ತಯಾರಾದ ಫಿಯೆಟ್ 1100ಕ್ಕೆ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಬಂತು.

ತೋಟದ ವಾಹನಕ್ಕೆ ಹಿಡಿಯುವ ತುಕ್ಕು ಪೇಟೆಯ ಕಾರಿನ ತುಕ್ಕಿಗಿಂತ ಹಟಮಾರಿ. ಇದಕ್ಕೆ ಮಳೆಯೊಂದೇ ಕಾರಣವಲ್ಲ. ಪಶ್ಚಿಮಕ್ಕೆ ಹೋದಷ್ಟೂ ಮಳೆ ಹೆಚ್ಚುತ್ತದೆ ನಿಜ. ಸಕಲೇಶಪುರದಾಚೆ ಘಟ್ಟದ ಅಂಚಿನಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಮೀರಿ ಸುರಿಯುತ್ತದೆ. ಆದರೆ ಬರೀ ಮಳೆನೀರು ಹರಿದುಹೋಗುತ್ತದೆ. ಚಾಸಿಗೂ ಮಡ್‌ಗಾರ್ಡಿನ ಒಳಗೂ ಮೆತ್ತಿಕೊಂಡ ಕೆಮ್ಮಣ್ಣು ತೇವವನ್ನು ವಾರಗಟ್ಟಲೆ ಹಿಡಿದಿಡುತ್ತದೆ. ಹಿಂದಿನ ತೊಟ್ಟಿಯಲ್ಲಿ ಚೆಲ್ಲಿದ ಪೊಟ್ಯಾಷ್ ಗೊಬ್ಬರ ಕ್ಲೋರೈಡ್ ಲವಣ. ಅದು ತುಕ್ಕಿನ ಸೂಕ್ಷ್ಮ ರಂಧ್ರಗಳಲ್ಲಿ ಸೇರಿಕೊಂಡರೆ ಮೇಲೆ ಎಷ್ಟು ಬಣ್ಣ ಬಳಿದರೂ ಒಳಗಿನಿಂದ ಗುಳ್ಳೆ ಏಳುತ್ತದೆ. ಎಲೆ ತುಕ್ಕು ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತವೂ ಕಬ್ಬಿಣಕ್ಕೆ ಶತ್ರು: ಅದರ ತಾಮ್ರ ಉಕ್ಕಿನ ಮೇಲೆ ಕೂತು, ಕಬ್ಬಿಣ ಕರಗತೊಡಗುತ್ತದೆ. ಗಿಡದ ತುಕ್ಕಿಗೆ ಮದ್ದು ಹೊತ್ತ ಜೀಪು ತಾನೇ ತುಕ್ಕು ಹಿಡಿಯುವುದಕ್ಕೆ ಇದು ಕಾರಣ. ಹಾಗಾಗಿ ತೋಟದ ಜೀಪಿನ ಮೊದಲ ಕೆಲಸ ಉಜ್ಜುವುದಲ್ಲ, ತೊಳೆಯುವುದು. ಒತ್ತಡದ ನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಸಂದುಗಳ ಮಣ್ಣು ಕೆರೆದು, ಪೂರ್ತಿ ಒಣಗಿಸಿದ ಮೇಲೆ ಉಳಿದದ್ದು.

ತುಕ್ಕು ಎಲ್ಲಿದೆ ಎಂಬುದೂ ಮುಖ್ಯ. ಜೀಪಿಗೆ ಬೇರೆಯೇ ಚಾಸಿ ಇರುವುದರಿಂದ ತೊಟ್ಟಿ ತೂತಾದರೂ ಗಾಡಿ ನಿಲ್ಲುತ್ತದೆ. ಅಂಬಾಸಿಡರಿಗೆ ಹಾಗಲ್ಲ, ಅದರ ಬಾಡಿಯೇ ಭಾರ ಹೊರುತ್ತದೆ. ಬಾಗಿಲ ಕೆಳಗಿನ ಸಿಲ್ ಕೊಳೆತಿದ್ದರೆ ಅಲ್ಲಿ ಪಟ್ಟಿ ಮೆತ್ತಿ ಬಣ್ಣ ಹೊಡೆಯುವುದು ಅಪಾಯವನ್ನು ಮುಚ್ಚಿಟ್ಟಂತೆ. ಕೊಳೆತ ತಗಡನ್ನು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಬೇಕು. ಬಣ್ಣದವರಿಗಿಂತ ಮೊದಲು ಒಳ್ಳೆಯ ಟಿಂಕರ್ ಬೇಕಾಗುವುದು ಇದಕ್ಕೇ.

ಹಳೆಯ ಬಣ್ಣ ಕೆರೆಯುವ ಮುನ್ನ ಮಾಡಲೇಬೇಕಾದ ಕೆಲಸ ಮೂಲ ಬಣ್ಣದ ಹುಡುಕಾಟ. ಐವತ್ತು ವರ್ಷದ ಕಾರಿಗೆ ಮೂರು-ನಾಲ್ಕು ಸಲ ಬಣ್ಣವಾಗಿರುತ್ತದೆ. ಬಾಗಿಲಿನ ಒಳಹಲಗೆಯ ಹಿಂದೆ, ಡ್ಯಾಶ್‌ಬೋರ್ಡಿನ ಕೆಳಗೆ, ಗಾಜಿನ ರಬ್ಬರ್ ಬೀಡಿಂಗಿನ ಮರೆಯಲ್ಲಿ ಕಾರ್ಖಾನೆಯ ಬಣ್ಣ ಬಿಸಿಲು ಕಾಣದೆ ಉಳಿದಿರುವುದುಂಟು. ಅಂಗಡಿಯವರು ಬಣ್ಣ ಹೊಂದಿಸಲು ಅದೇ ನಂಬಿಕೆಯ ಮಾದರಿ. ಅಂಗೈಯಗಲದ ಒಂದು ತುಂಡನ್ನು ಕಾಣದ ಜಾಗದಲ್ಲಿ ಹಾಗೆಯೇ ಬಿಡುವುದು ಒಳ್ಳೆಯದು. ಕಾಗದಪತ್ರಕ್ಕಿಂತ ಅದು ಗಟ್ಟಿ ದಾಖಲೆ. ಒಂದು ಎಚ್ಚರಿಕೆ: ಹಳೆಯ ವಾಹನ ಬಣ್ಣಗಳಲ್ಲಿ, ಅದರಲ್ಲೂ ಹಳದಿ ಮತ್ತು ಕೆಂಪಿನಲ್ಲಿ, ಸೀಸ ಇರುತ್ತಿತ್ತು. ಒಣಗಿದ್ದಾಗ ಉಜ್ಜಿದರೆ ಆ ಧೂಳು ಅಂಗಳದಲ್ಲಿ ಆಡುವ ಮಕ್ಕಳ ಕೈ-ಬಾಯಿ ಸೇರುತ್ತದೆ. ನೀರು ಹಾಕಿ ಉಜ್ಜಬೇಕು, ಇಲ್ಲವೇ ಪೇಂಟ್ ರಿಮೂವರ್ ಬಳಸಿ ಕೆರೆದದ್ದನ್ನು ಒಟ್ಟುಮಾಡಬೇಕು. ಅದು ಬಾವಿ, ಕೆರೆಯ ಹತ್ತಿರ ಹರಿಯಬಾರದು.

ಬರಿಯ ಉಕ್ಕು ಮಲೆನಾಡಿನ ಗಾಳಿಯಲ್ಲಿ ಒಂದು ರಾತ್ರಿಯೂ ತಡೆಯುವುದಿಲ್ಲ. ಸಂಜೆ ಬೆಳ್ಳಗೆ ಹೊಳೆಯುತ್ತಿದ್ದ ತಗಡು ಬೆಳಗ್ಗೆ ಕಂದು ತಿರುಗಿರುತ್ತದೆ. ಅದಕ್ಕೇ ಇಡೀ ಬಾಡಿಯನ್ನು ಒಂದೇ ಸಲ ಬೆತ್ತಲೆ ಮಾಡದೆ, ಒಂದೊಂದೇ ಭಾಗ ಕೆರೆದು, ಉಳಿದ ಕಲೆಗೆ ಫಾಸ್ಫಾರಿಕ್ ಆಮ್ಲ ಹಚ್ಚಿ, ತೊಳೆದು ಒಣಗಿಸಿ, ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆಯಬೇಕು. ಆಮ್ಲದ ಅಂಶ ಉಳಿದರೆ ಎಪಾಕ್ಸಿ ಹಿಡಿಯುವುದಿಲ್ಲ. ಹಳ್ಳಿಯ ಗ್ಯಾರೇಜುಗಳಲ್ಲಿ ಇಂದಿಗೂ ರೆಡ್ ಆಕ್ಸೈಡ್ ಬಳಕೆಯಲ್ಲಿದೆ. ಅದು ಅಗ್ಗ, ಗೇಟು ಕಿಟಕಿಗಳಿಗೆ ಸಾಕು. ಆದರೆ ಮೇಲೆ ಬೇರೆ ಬಣ್ಣವಿಲ್ಲದಿದ್ದರೆ ತೇವವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಕೆಂಪು ಪ್ರೈಮರಿನಲ್ಲೇ ಒಂದು ಮಳೆಗಾಲ ಕಳೆದ ಗಾಡಿಯನ್ನು ಮತ್ತೆ ತಗಡಿನ ತನಕ ಕೆರೆಯುವುದೇ ಸರಿ.

ತಗ್ಗು ತುಂಬಲು ಪಾಲಿಯೆಸ್ಟರ್ ಪಟ್ಟಿ. ಹಾರ್ಡನರ್ ಶೇ 1ರಿಂದ 3ರಷ್ಟು. ಹೆಚ್ಚಾದರೆ ಅದರ ಬಣ್ಣ ಮೇಲಿನ ಬಣ್ಣಕ್ಕೆ ಇಳಿದು ಕಲೆಯಾಗುತ್ತದೆ. ಈ ಪಟ್ಟಿ ನೀರು ಹೀರುತ್ತದೆ, ಆದ್ದರಿಂದ ಅದನ್ನು ಒಣಗಿದ್ದಾಗಲೇ ಉಜ್ಜಬೇಕು. ಮರದ ಪಟ್ಟಿಗೆ ಎಮರಿ ಸುತ್ತಿ 80ರಿಂದ ಶುರುಮಾಡಿ 180, 320ಕ್ಕೆ ಬರಬೇಕು. ಬೆರಳಿನಿಂದ ಒತ್ತಿ ಉಜ್ಜಿದರೆ ಬೆರಳಿನಗಲದ ಕಾಲುವೆ ಬೀಳುತ್ತದೆ. ಬಣ್ಣ ಹೊಳೆದ ಮೇಲಷ್ಟೇ ಅದು ಕಾಣುವುದು. ಅದರ ಮೇಲೆ ಸರ್ಫೇಸರ್, ತೆಳುವಾಗಿ ಕಪ್ಪು ಬಣ್ಣದ ಹನಿ ಹಾರಿಸಿ 400, 600ರ ವಾಟರ್ ಪೇಪರಿನಿಂದ ಉಜ್ಜಿದರೆ ತಗ್ಗಿದ್ದಲ್ಲಿ ಕಪ್ಪು ಉಳಿದು ತಾನೇ ತೋರಿಸಿಕೊಡುತ್ತದೆ. ಒಟ್ಟು ಶ್ರಮದ ಬಹುಭಾಗ ಇಲ್ಲೇ ಖರ್ಚಾಗುತ್ತದೆ, ಆಗಬೇಕು ಕೂಡ.

ಮೇಲಿನ ಬಣ್ಣ ಯಾವುದು? ಕಾರುಗಳ ಆರಂಭ ಕಾಲದಲ್ಲಿ ಕುದುರೆ ಸಾರೋಟಿನ ವಾರ್ನಿಷ್ ಪದ್ಧತಿಯೇ ನಡೆಯುತ್ತಿತ್ತು. ಒಂದು ಕಾರು ಒಣಗಲು ವಾರಗಳೇ ಹಿಡಿಯುತ್ತಿದ್ದವು. 1920ರ ದಶಕದಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ಡ್ಯೂಕೋ ಎಂಬ ನೈಟ್ರೋಸೆಲ್ಯುಲೋಸ್ ಬಣ್ಣವನ್ನು ತಂದಿತು. ಒಣಗುವ ಕಾಲ ಗಂಟೆಗಳಿಗೆ ಇಳಿಯಿತು. ಅದೇ ಇಲ್ಲಿನ ಎನ್‌ಸಿ ಪೇಂಟ್, ಹಿರಿಯ ಪೇಂಟರುಗಳ ಬಾಯಲ್ಲಿ ಇನ್ನೂ ಡ್ಯೂಕೋ. ಈಗಿನ ಗ್ಯಾರೇಜುಗಳದ್ದು ಹಾರ್ಡನರ್ ಬೆರೆಸುವ ಪಿಯು, ಅಂದರೆ ಟೂ-ಕೆ. ಎನ್‌ಸಿ ಬಣ್ಣ ಥಿನ್ನರ್ ಹಾರಿಹೋಗುವುದರಿಂದಲೇ ಒಣಗುತ್ತದೆ. ಪದರ ತೆಳು, ಆರೇಳು ಸಲ ಹೊಡೆದು ಪಾಲಿಶ್ ಮಾಡಿದರೆ ಹಳೆಯ ಕಾರಿಗೆ ಒಪ್ಪುವ ಮೆದು ಹೊಳಪು ಬರುತ್ತದೆ. ತಪ್ಪಾದರೆ ತಿದ್ದುವುದು ಸುಲಭ. ಪಿಯು ಗಟ್ಟಿ, ಪೆಟ್ರೋಲ್ ಚೆಲ್ಲಿದರೂ ಕರಗದು, ಮಳೆ-ಬಿಸಿಲಿಗೆ ಬಾಳುತ್ತದೆ. ಹಳೆಯ ಎನಾಮಲ್ ಪದರದ ಮೇಲೆ ಎನ್‌ಸಿ ಹೊಡೆದರೆ ಥಿನ್ನರಿಗೆ ಕೆಳಪದರ ಸುಕ್ಕುಗಟ್ಟಿ ಏಳುತ್ತದೆ. ಥಿನ್ನರಿನ ಬಟ್ಟೆಯಿಂದ ಒಂದು ಮೂಲೆ ಉಜ್ಜಿ ನೋಡಿಕೊಳ್ಳಬೇಕು. ಶೆಡ್ಡಿನಲ್ಲೇ ಇದ್ದು ಭಾನುವಾರ ಹೊರಬರುವ ಕಾರಿಗೆ ಎನ್‌ಸಿ ಚೆಂದ. ತೋಟದಲ್ಲಿ ದುಡಿಯುವ ಜೀಪಿಗೆ ಪಿಯು ಅಲ್ಲದೆ ಬೇರೆ ಮಾತಿಲ್ಲ.

ಎರಡಕ್ಕೂ ತೇವವೇ ವೈರಿ. ಎನ್‌ಸಿ ಹೊಡೆದ ನಿಮಿಷದಲ್ಲಿ ಬಣ್ಣ ಹೊಗೆ ಹಿಡಿದಂತೆ ಬಿಳಿಚಿಕೊಳ್ಳುವುದನ್ನು ಮಲೆನಾಡಿನ ಪೇಂಟರುಗಳು ಚೆನ್ನಾಗಿ ಬಲ್ಲರು. ಥಿನ್ನರ್ ಹಾರುವಾಗ ತಗಡಿನ ಶಾಖವನ್ನು ಹೊತ್ತೊಯ್ಯುತ್ತದೆ. ಮೇಲ್ಮೈ ತಣ್ಣಗಾಗಿ ಗಾಳಿಯ ನೀರಾವಿ ಹಸಿ ಬಣ್ಣದ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಲೆಕ್ಕ ಸರಳ. ಗಾಳಿ 22 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ 80 ಇದ್ದರೆ ಇಬ್ಬನಿ ಕಟ್ಟುವುದು ಸುಮಾರು 18 ಡಿಗ್ರಿಯಲ್ಲಿ. ಥಿನ್ನರಿನಿಂದ ತಗಡು ಐದು ಡಿಗ್ರಿ ಇಳಿದರೂ ಸಾಕು, ಬಣ್ಣ ಕೆಟ್ಟಿತು. ಅದೇ ಶಾಖದಲ್ಲಿ ತೇವಾಂಶ ಶೇ 50 ಇದ್ದರೆ ಇಬ್ಬನಿಯ ಅಂಕ 11ಕ್ಕೆ ಇಳಿದು ಕೆಲಸ ನಿರಾಳ. ನಿಧಾನವಾಗಿ ಹಾರುವ ರಿಟಾರ್ಡರ್ ಥಿನ್ನರ್ ಸ್ವಲ್ಪ ಕಾಯುತ್ತದೆ, ಪೂರ್ತಿ ಅಲ್ಲ. ಪಿಯು ಬಣ್ಣದಲ್ಲಿ ಕೆಡುವ ರೀತಿ ಬೇರೆ: ಅದರ ಹಾರ್ಡನರ್ ನೀರಿನೊಡನೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಪದರದಲ್ಲಿ ಸೂಜಿತೂತುಗಳು ಏಳುತ್ತವೆ. ಕೆಲವು ನೂರು ರೂಪಾಯಿಯ ತಾಪ-ತೇವಾಂಶ ಮಾಪಕವೊಂದು ಶೆಡ್ಡಿನ ಗೋಡೆಯಲ್ಲಿದ್ದರೆ ಸಾವಿರಾರು ರೂಪಾಯಿಯ ಬಣ್ಣ ಉಳಿಯುತ್ತದೆ. ತಗಡು ಇಬ್ಬನಿಯ ಅಂಕಕ್ಕಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕೆಂಬುದು ಬಣ್ಣದ ಉದ್ಯಮದ ಸಾಮಾನ್ಯ ನಿಯಮ. ಎನ್‌ಸಿ ಹೊಡೆಯುವವರು ಇನ್ನೂ ಹೆಚ್ಚು ಅಂತರ ಇಟ್ಟುಕೊಳ್ಳಬೇಕು.

ಮಗ್ಗೆ ಸುತ್ತಿನ ವರ್ಷವನ್ನು ಈ ಲೆಕ್ಕದಲ್ಲಿ ನೋಡಿದರೆ ಉಳಿಯುವ ಕಾಲ ಸ್ವಲ್ಪವೇ. ಜೂನಿನಿಂದ ಸೆಪ್ಟೆಂಬರ್ ಮುಂಗಾರು. ಆಗ ಎಂಜಿನ್, ವೈರಿಂಗ್, ಸೀಟಿನ ಕೆಲಸ. ಅಕ್ಟೋಬರ್ ನಂತರ ಟಿಂಕರಿಂಗ್. ನವೆಂಬರಿನಿಂದ ಅರೇಬಿಕಾ, ಹೊಸ ವರ್ಷದಲ್ಲಿ ರೊಬಸ್ಟಾ ಕೊಯ್ಲು. ಕೈಗಳೆಲ್ಲ ತೋಟದಲ್ಲಿ, ಕಣದ ತುಂಬ ಕಾಫಿ. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ. ಈ ನಡುವೆ, ಕಾಫಿ ಕಣದಿಂದೆದ್ದ ಮೇಲೆ ಹೂಮಳೆಗೆ ಮೊದಲು, ಫೆಬ್ರವರಿಯ ಕೊನೆಯಿಂದ ಮಾರ್ಚ್ ತನಕ ಸಿಗುವ ಒಣ ದಿನಗಳೇ ಬಣ್ಣದ ಕಾಲ. ಆಗಲೂ ಬೆಳಗಿನ ಮಂಜು ಕರಗಿ ತಗಡು ಬಿಸಿಯಾದ ಮೇಲೆ, ಸುಮಾರು ಹನ್ನೊಂದರಿಂದ ಮೂರು ಗಂಟೆಯೊಳಗೆ ಹೊಡೆದು ಮುಗಿಸಬೇಕು. ಸಂಜೆ ದೀಪ ಹಾಕಿದರೆ ಹುಳುಗಳು ಹಸಿ ಬಣ್ಣಕ್ಕೆ ಬಂದು ಅಂಟುತ್ತವೆ.

ಕಣ ಖಾಲಿಯಾಗುವ ತನಕ ಕಾಯಲು ಇನ್ನೊಂದು ಕಾರಣವಿದೆ. ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಹೀರಿಕೊಳ್ಳುತ್ತದೆ. ಥಿನ್ನರ್ ವಾಸನೆ ಹತ್ತಿದ ಕಾಫಿ ಕಪ್ಪಿನಲ್ಲಿ ಗೊತ್ತಾಗುತ್ತದೆ. ಗೋದಾಮಿನಲ್ಲಾಗಲಿ, ಮೂಟೆ ಇಟ್ಟ ಗೋಡೆಯಾಚೆಯಲ್ಲಾಗಲಿ ಬಣ್ಣ ಹೊಡೆಯಲೇಬಾರದು. ಕಣದಲ್ಲಿ ಕಾಳುಮೆಣಸು ಒಣಗುತ್ತಿದ್ದರೂ ಇದೇ ಮಾತು. ಬೆಂಕಿಯದ್ದು ಅದಕ್ಕೂ ದೊಡ್ಡ ಭಯ. ಥಿನ್ನರಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಡುತ್ತದೆ. ಮಲೆನಾಡಿನ ಮನೆಗಳಲ್ಲಿ ಬಚ್ಚಲ ಹಂಡೆಯ ಒಲೆ ಹೊತ್ತುಹೊತ್ತಿಗೂ ಉರಿಯುತ್ತಿರುತ್ತದೆ. ಆ ದಿನ ಆ ಒಲೆ ಆರಿರಬೇಕು.

ಹೊಡೆಯುವ ಕೆಲಸಕ್ಕೆ 2-3 ಎಚ್‌ಪಿ ಕಂಪ್ರೆಸರ್, 100 ಲೀಟರಿಗೆ ಕಡಿಮೆಯಿಲ್ಲದ ಟ್ಯಾಂಕ್, ಪೈಪಿನಲ್ಲಿ ನೀರು ತಡೆಯುವ ಟ್ರ್ಯಾಪ್ ಬೇಕು. ಒತ್ತಿದ ಗಾಳಿಯಿಂದ ಇಲ್ಲಿ ನೀರು ಬಹಳ ಇಳಿಯುತ್ತದೆ. ಬಣ್ಣಕ್ಕೆ 1.3 ಅಥವಾ 1.4 ಮಿಲಿಮೀಟರ್ ನಾಜಲ್, ಸರ್ಫೇಸರಿಗೆ 1.8. ಗನ್ನು ತಗಡಿನಿಂದ 15-20 ಸೆಂಟಿಮೀಟರ್ ದೂರದಲ್ಲಿ, ಮೈಗೆ ಸಮಾನಾಂತರವಾಗಿ ಸಾಗಬೇಕು. ಪ್ರತಿ ಸಾಲು ಹಿಂದಿನದರ ಅರ್ಧ ಮುಚ್ಚಬೇಕು. ಮಣಿಕಟ್ಟು ತಿರುಗಿಸಿ ಬೀಸಿದರೆ ನಡುವೆ ದಪ್ಪ, ಅಂಚಿನಲ್ಲಿ ತೆಳು. ಬಣ್ಣ ದಪ್ಪಗಿದ್ದರೆ ಅಥವಾ ಗನ್ನು ದೂರವಾದರೆ ಕಿತ್ತಳೆ ಸಿಪ್ಪೆಯಂತೆ ಒರಟು. ಹತ್ತಿರವಾದರೆ ಇಳಿಜಾರಿನಲ್ಲಿ ಸೋರುತ್ತದೆ. ಮೊದಲು ಸಿಲಿಕೋನ್ ಪಾಲಿಶ್ ಬಳಸಿದ ಕಾರಾದರೆ ಮೀನಿನ ಕಣ್ಣಿನಂಥ ಗುಳಿಗಳು ಏಳುತ್ತವೆ. ವ್ಯಾಕ್ಸ್ ರಿಮೂವರಿನಿಂದ ಎರಡು ಸಲ ಒರೆಸುವುದೊಂದೇ ದಾರಿ. ಇಡೀ ಗಾಡಿಗೆ ಬೇಕಾದ ಬಣ್ಣವನ್ನು ಒಂದೇ ಸಲ ಬೆರೆಸಿ ತರಬೇಕು, ಎರಡನೆಯ ಸಲ ತಂದದ್ದು ಹೊಂದುವುದು ಅಪರೂಪ.

ಪಿಯು ಹಾರ್ಡನರಿನಲ್ಲಿರುವ ಐಸೋಸಯನೇಟ್ ಉಸಿರಿನಲ್ಲಿ ಹೋದರೆ ಜೀವನಪೂರ್ತಿ ಉಳಿಯುವ ಅಸ್ತಮಾ ಬರಬಹುದು. ಅದಕ್ಕೆ ವಾಸನೆಯ ಎಚ್ಚರಿಕೆಯೂ ಇಲ್ಲ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಹೊಡೆಯುವ ರೂಢಿ ನಿಲ್ಲಲೇಬೇಕು; ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ತರುವ ಮುಖವಾಡವೇ ಸರಿಯಾದ ರಕ್ಷಣೆ. ಅದು ಸಿಗದಿದ್ದರೆ ತಯಾರಿಯನ್ನೆಲ್ಲ ಮನೆಯಲ್ಲಿ ಮುಗಿಸಿ, ಕೊನೆಯ ಬಣ್ಣವನ್ನು ಸಕಲೇಶಪುರ ಅಥವಾ ಹಾಸನದಲ್ಲಿ ಬೂತ್ ಇರುವ ಕಡೆ ಮಾಡಿಸುವುದು ಜಾಣತನ.

ಮನೆಯಲ್ಲಿ ಕೆಲಸ ಶುರುಮಾಡುವವರು ಮೊದಲು ಚೆನ್ನಾಗಿ ಉಳಿಸಿದ ವಾಹನಗಳನ್ನು ಕಣ್ಣಾರೆ ನೋಡಬೇಕು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ ಮತ್ತು ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಕಾರು ಸಂಗ್ರಹಾಲಯ ಎರಡೂ ಹೋಗಿಬರಬಹುದಾದ ದೂರದಲ್ಲಿವೆ.

ಬಣ್ಣ ಆರಿಸುವಾಗ ಕಾನೂನನ್ನೂ ತಿಳಿದಿರಬೇಕು. ಜೀಪಿಗೆ ಸೇನೆಯ ಆಲಿವ್ ಹಸಿರು ಹೊಡೆಸುವ ಆಸೆ ಹಲವರಿಗಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮ ಆ ಬಣ್ಣವನ್ನು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಮೀಸಲಿಟ್ಟಿದೆ. 50 ವರ್ಷ ಮೀರಿದ, ದೊಡ್ಡ ಮಾರ್ಪಾಡು ಕಾಣದ ವಾಹನಗಳಿಗೆ 2021ರ ನಿಯಮದಂತೆ 20,000 ರೂಪಾಯಿ ಶುಲ್ಕಕ್ಕೆ, ‘ವಿಎ’ ಅಕ್ಷರಗಳಿರುವ ವಿಂಟೇಜ್ ನೋಂದಣಿ ಹತ್ತು ವರ್ಷಕ್ಕೆ ಸಿಗುತ್ತದೆ; ಆದರೆ ಅಂಥ ವಾಹನವನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ, ಆದ್ದರಿಂದ ದುಡಿಯುವ ಜೀಪಿಗೆ ಅದು ಬೇಡ. ಬಣ್ಣ ಬದಲಾದರೆ ಆರ್‌ಸಿಯಲ್ಲಿ ನಮೂದಾಗಿರುವ ಬಣ್ಣವೂ ಬದಲಾಗಬೇಕು. ಡಬ್ಬಿ ತೆರೆಯುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.