ಬಸ್ರಾ ದಾರಿ ಹಿಡಿದ ಮರಾಠಾ ಪಲ್ಟಣಗಳು

ಮೊದಲ ಮಹಾಯುದ್ಧದಲ್ಲಿ ಮರಾಠಾ ಪಲ್ಟಣಗಳು ಹೆಚ್ಚಾಗಿ ಕಾದಿದ್ದು ಮೆಸೊಪೊಟೇಮಿಯಾದಲ್ಲಿ, ಅಂದರೆ ಇಂದಿನ ಇರಾಕಿನಲ್ಲಿ. ಬೆಳಗಾವಿ, ಕೊಲ್ಹಾಪುರ, ಸಾತಾರ, ರತ್ನಾಗಿರಿ ಸೀಮೆಯ ಯುವಕರು ಈ ಪಲ್ಟಣಗಳಿಗೆ ಭರ್ತಿಯಾಗುತ್ತಿದ್ದರು. ಚಿಕ್ಕೋಡಿ, ಅಥಣಿ ಆಗ ಮುಂಬಯಿ ಪ್ರಾಂತದ ತಾಲ್ಲೂಕುಗಳು; ನಿಪ್ಪಾಣಿ ಚಿಕ್ಕೋಡಿಗೆ ಸೇರಿತ್ತು, ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದು. ರಾಯಬಾಗ, ಕುಡಚಿ ಮತ್ತು ಕಾಗವಾಡದ ಹತ್ತಿರದ ಶೇಡಬಾಳದ ಮೇಲೆ ಹಾಯುವ ಮೀಟರ್ ಗೇಜ್ ಹಳಿ ಮಿರಜ ದಾಟಿ ಪುಣೆ ಮುಟ್ಟುತ್ತಿತ್ತು. ಮುಂದೆ ಮುಂಬಯಿ ಬಂದರು, ಹಡಗು, ಬಸ್ರಾ.

ಆಗ ತುರ್ಕಿಯ ಆಳ್ವಿಕೆಯಲ್ಲಿದ್ದ ಈ ನಾಡಿಗೆ ಪಡೆ ಕಳಿಸಿದ ಬ್ರಿಟಿಷರ ಮೊದಲಿನ ಉದ್ದೇಶ ಸಣ್ಣದು: ಪರ್ಷಿಯಾದ ಎಣ್ಣೆಯ ಕಾವಲು. 1914ರ ನವೆಂಬರ್ 6ರಂದು ಕೊಲ್ಲಿಯ ತುದಿಯ ಫಾವೊದಲ್ಲಿ ಇಳಿದದ್ದು ಒಂದೇ ಬ್ರಿಗೇಡ್. 117ನೇ ಮರಾಠಾ ಅದರಲ್ಲಿತ್ತು. ಅದೇ ತಿಂಗಳು ಬಸ್ರಾ ಕೈಸೇರಿತು. ಗೆಲುವು ಸಲೀಸಾದಂತೆ ಬಾಗ್ದಾದಿನ ಆಸೆ ಹುಟ್ಟಿತು. ದೋಣಿ, ಔಷಧಿ, ರೇಷನ್ ಯಾವುದನ್ನೂ ಸರಿಯಾಗಿ ಹೊಂದಿಸಿಕೊಳ್ಳದೆ ಜನರಲ್ ಟೌನ್‌ಶೆಂಡನ ಡಿವಿಜನ್ ಟೈಗ್ರಿಸ್ ನದಿಗುಂಟ ಮೇಲೇರಿತು. 1915ರ ನವೆಂಬರಿನಲ್ಲಿ ಬಾಗ್ದಾದಿಗೆ ಹತ್ತಿರದ ಟೆಸಿಫೋನ್ ಬಳಿ ಮೂರರಲ್ಲೊಂದು ಪಾಲು ಸೈನಿಕರು ಸತ್ತರು ಇಲ್ಲವೆ ಗಾಯಗೊಂಡರು. ಉಳಿದವರು ಹಿಂದೆ ಸರಿದು ಕೂಟ್ ಊರು ಸೇರಿದರು.

ತುರ್ಕಿ ಸೇನೆ ಡಿಸೆಂಬರ್ 7ರಿಂದ ಕೂಟ್ ಅನ್ನು ಮುತ್ತಿತು. 103, 110, 117ನೇ ಮರಾಠಾ ಪಲ್ಟಣಗಳವರು ಒಳಗೆ ಸಿಕ್ಕಿಬಿದ್ದರು. ಜೋಳದ ರೊಟ್ಟಿ ಉಂಡು ಬೆಳೆದವರಿಗೆ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದ ಬಾರ್ಲಿ ಹಿಟ್ಟೇ ಗತಿಯಾಯಿತು. ಕುದುರೆ ಮಾಂಸ ಮುಟ್ಟಲು ಭಾರತೀಯ ಸೈನಿಕರಲ್ಲಿ ಬಹುಪಾಲು ಜನ ತಿಂಗಳುಗಟ್ಟಲೆ ಒಪ್ಪಲಿಲ್ಲ, ಸ್ಕರ್ವಿ ರೋಗ ಹರಡಿತು. 1916ರ ಏಪ್ರಿಲ್ 29ರಂದು ಸುಮಾರು 13,000 ಜನ ಶರಣಾದರು. ಅವರಲ್ಲಿ ಸಾವಿರಾರು ಜನ ಮರುಭೂಮಿಯ ನಡಿಗೆಯಲ್ಲೂ ತುರ್ಕಿಯ ರೈಲು ಕಾಮಗಾರಿಯಲ್ಲೂ ಪ್ರಾಣ ಬಿಟ್ಟರು. 1917ರ ವಿಚಾರಣಾ ಆಯೋಗ ಭಾರತ ಸರ್ಕಾರದ ತಪ್ಪುಗಳನ್ನು ಎತ್ತಿ ತೋರಿತು, ಭಾರತ ಸಚಿವ ಚೇಂಬರ್ಲಿನ್ ರಾಜೀನಾಮೆ ಕೊಟ್ಟ. ಸತ್ತ ಸಿಪಾಯಿಯ ಮನೆಯವರಿಗೆ ಅದರಿಂದ ಏನೂ ದಕ್ಕಲಿಲ್ಲ.

ನಿಜವಾದ ಜಮಾವಣೆ ನಡೆದದ್ದು ಈ ಸೋಲಿನ ನಂತರ. ಬಂದರು, ರೈಲು, ಆಸ್ಪತ್ರೆ ಕಟ್ಟಿಕೊಂಡ ಮೇಲೆ ಜನರಲ್ ಮಾಡ್ 1917ರ ಮಾರ್ಚ್ 11ರಂದು ಬಾಗ್ದಾದ್ ಹಿಡಿದ. ಯುದ್ಧ ಮುಗಿಯುವ ಹೊತ್ತಿಗೆ ಭಾರತದಿಂದ ಅಲ್ಲಿಗೆ ಹೋದವರು ಸುಮಾರು 5.9 ಲಕ್ಷ, ಅರ್ಧದಷ್ಟು ಜನ ಹಮಾಲರು, ಹೇಸರಗತ್ತೆ ಹೊಡೆಯುವವರು, ಅಡುಗೆಯವರಂಥ ಕೋವಿ ಹಿಡಿಯದ ಕೆಲಸಗಾರರು. ಈ ಯುದ್ಧದ ಕಥೆಗಳಲ್ಲಿ ಅವರಿಗೆ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ.

1918ರ ಅಕ್ಟೋಬರ್ 30ರಂದು ತುರ್ಕಿ ಕದನವಿರಾಮಕ್ಕೆ ಸಹಿ ಹಾಕಿದರೂ ಪಡೆಗಳು ಒಮ್ಮೆಗೇ ಮರಳಲಿಲ್ಲ. 1920ರಲ್ಲಿ ಇರಾಕಿನ ಜನ ದಂಗೆಯೆದ್ದಾಗ ಭಾರತದಿಂದ ಮತ್ತೆ ಸೈನ್ಯ ಹೋಯಿತು. ಖರ್ಚು ತಾಳಲಾರದೆ ಬ್ರಿಟನ್ 1922ರ ಅಕ್ಟೋಬರಿನಲ್ಲಿ ಕಾವಲನ್ನು ವಾಯುಪಡೆಗೆ ವಹಿಸಿ ಕಾಲ್ದಳವನ್ನು ಇಳಿಸುತ್ತ ಬಂತು. ಅದೇ ವರ್ಷ ಮರಾಠಾ ಪಲ್ಟಣಗಳು ಒಂದೇ ರೆಜಿಮೆಂಟಿನಡಿ ಸೇರಿದವು. 1918ರಲ್ಲಿ ಇರಾಕಿನ ಶರ್ಕಾತ್ ಕಾಳಗದಲ್ಲಿ ಹೆಸರು ಮಾಡಿದ್ದ 114ನೇ ಮರಾಠಾ, ತರಬೇತಿ ಬೆಟಾಲಿಯನ್ ಆಗಿ ಬೆಳಗಾವಿಯಲ್ಲಿ ನೆಲೆಯಾಯಿತು. ಇಂದಿನ ಮರಾಠಾ ಲಘು ಪದಾತಿದಳ ಕೇಂದ್ರ ಬೆಳೆದದ್ದು ಅಲ್ಲಿಂದ.