ಕುದುರೆ ಲಾಯದಲ್ಲಿ ಬಿರಿದ ಹಿತ್ತಾಳೆ

ಬ್ರಿಟಿಷರ ಕಾಲದ ಭಾರತದಲ್ಲಿ ಸೈನ್ಯಕ್ಕೊಂದು ವಿಚಿತ್ರ ತಲೆನೋವಿತ್ತು. ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಕೂಡಿಟ್ಟ ಕಾಡತೂಸುಗಳ ಹಿತ್ತಾಳೆ ಕವಚ, ಯಾರೂ ಮುಟ್ಟದಿದ್ದರೂ, ತಾನಾಗಿಯೇ ಸೀಳು ಬಿಡುತ್ತಿತ್ತು. ಅದೂ ಕತ್ತಿನಲ್ಲಿ, ಗುಂಡನ್ನು ಬಿಗಿಯಾಗಿ ಹಿಡಿಯಲೆಂದು ಹಿತ್ತಾಳೆಯನ್ನು ಅಮುಕಿದ್ದ ಜಾಗದಲ್ಲಿ.

ಮಳೆಯನ್ನು ಬೈದದ್ದೇ ಬಂತು. ಮುಖ್ಯ ಅಪರಾಧಿ ಕುದುರೆಯ ಮೂತ್ರ!

1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಸಂಶೋಧಕರು ಈ ಗಂಟು ಬಿಡಿಸಿದರು. ಮೂತ್ರದಿಂದೇಳುವ ಅಮೋನಿಯಾ ತೇವದ ಗಾಳಿಯಲ್ಲಿ ಹಿತ್ತಾಳೆಯ ತಾಮ್ರವನ್ನು ಕರಗಿಸುತ್ತ, ಲೋಹದ ಹರಳುಗಳ ನಡುವಿನ ಸಂದನ್ನು ಕೊರೆಯುತ್ತದೆ. ಸುಮಾರು 70 ಪಾಲು ತಾಮ್ರ, 30 ಪಾಲು ಸತುವಿನ ಈ ಹಿತ್ತಾಳೆಯನ್ನು ಕಾಯಿಸದೆ ಎಳೆದು ಕೊಳವೆ ಮಾಡುವುದರಿಂದ ಒಳಗೊಂದು ಬಿಗುವು ಉಳಿದಿರುತ್ತದೆ. ಸಂದು ಸಡಿಲವಾದರೆ ಸಾಕು, ಆ ಬಿಗುವೇ ಕವಚವನ್ನು ಸೀಳುತ್ತದೆ.

ಲಾಯದಿಂದ ಕುದುರೆಗಳನ್ನು ಓಡಿಸುವುದಕ್ಕಿಂತ ಹಿತ್ತಾಳೆಯನ್ನು ಹದವಾಗಿ ಕಾಯಿಸಿ ಬಿಗುವು ಇಳಿಸುವುದೇ ಸುಲಭವಾಯಿತು. ಇಂದಿಗೂ ಅನೇಕ ಸೇನಾ ಕಾಡತೂಸುಗಳ ಕತ್ತಿನ ಸುತ್ತ ಕಾಣುವ ನೀಲಿ-ಕಂದು ಛಾಯೆ ಆ ಶಾಖದ ಗುರುತು, ಕೊಳೆಯಲ್ಲ. ಅಮೆರಿಕದಂಥ ಕಡೆ ಖಾಲಿ ಕವಚಗಳನ್ನು ಮತ್ತೆ ತುಂಬಿಸಿ ಬಳಸುವ ಹವ್ಯಾಸಿಗಳು ಹೊಳಪಿಗೆ ಅಮೋನಿಯಾ ಬೆರೆತ ಪಾಲಿಶ್ ಹಚ್ಚದಿರುವುದೂ ಇದೇ ಕಾರಣಕ್ಕೆ.